ಒಂದು ಗೇಣಿನ ತೀರ್ಪು

೧೧ ನವೆಂಬರ್ ೨೦೨೫, ಮಂಗಳವಾರ

ಬಲಗಾಲಿನ ಹರಡಿನ ಮೂಳೆ ಬಿರುಕುಬಿಟ್ಟಿದೆ. ಮೊಣಕಾಲಿನವರೆಗೆ ಪ್ಲಾಸ್ಟರ್. ಆರು ವಾರ ಪಾದವನ್ನು ನೆಲಕ್ಕೆ ಊರಕೂಡದೆಂದು ತಿಪಟೂರಿನ ವೈದ್ಯರ ಅಪ್ಪಣೆ. ಹಜಾರದಲ್ಲಿ, ಅಡುಗೆಮನೆಯ ಬಾಗಿಲಿಗೂ ಬೀದಿಬಾಗಿಲಿಗೂ ನಡುವೆ, ನನ್ನ ಮಂಚ ಹಾಕಿದ್ದಾರೆ. ಒಳಗಿನವರು ಹೊರಗೆ ಹೋಗಬೇಕಾದರೂ ಹೊರಗಿನವರು ಒಳಗೆ ಬರಬೇಕಾದರೂ ನನ್ನನ್ನು ಬಳಸಿಕೊಂಡೇ ಹೋಗಬೇಕು.

ಸೇವೆಯಲ್ಲಿದ್ದಷ್ಟು ಕಾಲವೂ ಮಕ್ಕಳಿಗೆ ದಿನಚರಿ ಬರೆಯಿರೆಂದು ಹೇಳುತ್ತ ಬಂದವನು ನಾನು; ಸ್ವತಃ ಬರೆದವನಲ್ಲ. ಈಗ ಬೇರೆ ಕೆಲಸವಿಲ್ಲ. ಭಾನುವಾರ ನಡೆದದ್ದನ್ನು ಕ್ರಮವಾಗಿ ಬರೆದಿಡುತ್ತೇನೆ. ಊರಿನಲ್ಲಿ ಅದಕ್ಕೆ ಈಗಾಗಲೇ ಮೂರು ಪಾಠಾಂತರಗಳು ಹುಟ್ಟಿಕೊಂಡಿವೆ.

ಹೆದ್ದಾರಿಯ ಪಕ್ಕದ ಹಳೆಯ ತೆಂಗಿನ ತೋಟವೊಂದನ್ನು ಕೊಂಡು ರೆಸಾರ್ಟ್ ಮಾಡಿರುವವರು ಅಲ್ಲಿ ಒಂಬತ್ತು ಕುಳಿಯ ಗಾಲ್ಫ್ ಮೈದಾನವನ್ನೂ ಮಾಡಿಸಿದ್ದಾರೆ. ಹುಲ್ಲು ಕತ್ತರಿಸುವವರು, ಮರಳು ಸಮಮಾಡುವವರು, ನೀರು ಹಾಯಿಸುವವರು ಎಲ್ಲರೂ ನಮ್ಮ ಹೊನ್ನವಳ್ಳಿಯ ಮತ್ತು ಸಂಪಿಗೆಯ ಹೆಂಗಸರು. ಅತಿಥಿಗಳಿಲ್ಲದ ಹೊತ್ತಿನಲ್ಲಿ ಆಡಿ ಆಡಿ ಅವರಿಗೆ ಆ ಆಟ ಕೈಗೆ ಹತ್ತಿದೆ. ಬರುವ ಅತಿಥಿಗಳಿಗಿಂತ ಇವರೇ ಮೇಲೆಂದು ಮ್ಯಾನೇಜರ್ ಸಿದ್ಧಾರ್ಥ್ ಒಪ್ಪುತ್ತಾರೆ. ರಾಜ್ಯೋತ್ಸವದ ಅಂಗವಾಗಿ ಅವರು ಎರಡೂ ಊರುಗಳ ನಡುವೆ ಪಂದ್ಯ ಇಟ್ಟರು. ಊರಿಗೆ ಮೂವರು, ಒಬ್ಬರಿಗೆ ಎದುರು ಒಬ್ಬರು. ಯಾವ ಕುಳಿಯನ್ನು ಯಾರು ಕಡಿಮೆ ಹೊಡೆತದಲ್ಲಿ ಮುಗಿಸುತ್ತಾರೋ ಆ ಕುಳಿ ಅವರದು. ಹೆಚ್ಚು ಕುಳಿ ಗೆದ್ದವರಿಗೆ ಆ ಜೋಡಿಯ ಆಟ. ಗೆದ್ದ ಊರಿನ ಮೂವರು ಡಿಸೆಂಬರಿನಲ್ಲಿ ಮೈಸೂರಿಗೆ ಹೋಗಿ, ಬೇರೆ ಮೈದಾನಗಳಲ್ಲಿ ಇಂಥದೇ ಕೆಲಸ ಮಾಡುವ ಹೆಂಗಸರೊಡನೆ ಆಡಬೇಕು. ನಿಯಮಗಳನ್ನು ಕನ್ನಡಕ್ಕೆ ತಂದುಕೊಟ್ಟವನು ನಾನಾದ್ದರಿಂದ ತೀರ್ಪುಗಾರನ ಟೋಪಿಯೂ ನನ್ನ ತಲೆಗೇ ಬಂತು.

ಎರಡು ಜೋಡಿಯ ಆಟ ಮುಗಿದಾಗ ಊರಿಗೊಂದು ಗೆಲುವು. ಮೂರನೆಯ ಜೋಡಿ ನಮ್ಮ ಸೊಸೆ ವನಿತಾ ಮತ್ತು ಸಂಪಿಗೆಯ ಪುಟ್ಟಕ್ಕ. ಪುಟ್ಟಕ್ಕ, ಸಂಪಿಗೆಯವಳೇ ಆದ ನನ್ನ ಹೆಂಡತಿ ಮಂಜಮ್ಮನ ತಂಗಿಯ ಮಗಳು. ಎರಡು ಕಡೆಯೂ ನಮ್ಮವರೇ ಇದ್ದುದರಿಂದ ಪಕ್ಷಪಾತದ ಮಾತು ಬರಲಾರದೆಂದು ನಂಬಿದ್ದೆ. ಕಡೆಯ ಕುಳಿಗೆ ಬರುವಾಗ ಇಬ್ಬರೂ ಸಮ. ವನಿತಾ ಐದು ಹೊಡೆತಕ್ಕೆ ಚೆಂಡನ್ನು ಕುಳಿಗೆ ಕೆಡವಿ, ಆ ಕಡೆ ತಿರುಗಿ, ಪಕ್ಕಕ್ಕಿಟ್ಟಿದ್ದ ಬಾವುಟದ ಕೋಲಿನತ್ತ ನಡೆದಳು. ನಾಲ್ಕು ಹೊಡೆತ ಮುಗಿಸಿದ್ದ ಪುಟ್ಟಕ್ಕನ ಚೆಂಡು ಕುಳಿಯಿಂದ ಒಂದು ಗೇಣು ದೂರದಲ್ಲಿ ನಿಂತಿತ್ತು. ಕಣ್ಣು ಮುಚ್ಚಿ ಹೊಡೆದರೂ ಬೀಳುವಂಥದು. ಅದು ಬಿದ್ದರೆ ಸಮ. ಇನ್ನೊಂದು ಕುಳಿ ಆಡಿ ತೀರ್ಮಾನ.

ಇಷ್ಟು ಸುಲಭದ ಹೊಡೆತವನ್ನು ಎದುರಾಳಿಯು ಬಿದ್ದಂತೆಯೇ ಎಂದು ಬಿಟ್ಟುಕೊಡಬಹುದು. ಆಗ ಹೊಡೆಯದೆಯೇ ಚೆಂಡನ್ನು ಎತ್ತಿಕೊಳ್ಳಬಹುದು. ಪುಟ್ಟಕ್ಕ ಬಗ್ಗಿ ಎತ್ತಿಕೊಂಡಳು. ಬಿಟ್ಟುಕೊಟ್ಟವರು ಯಾರೆಂದು ನಮ್ಮೂರಿನ ಹೆಂಗಸರು ಗದ್ದಲವೆಬ್ಬಿಸಿದರು. ನಾನು ವನಿತಾಳನ್ನು ಕರೆದು ಒಂದೇ ಪ್ರಶ್ನೆ ಕೇಳಿದೆ.

"ಬಿಟ್ಟುಕೊಟ್ಟೆನೆಂದು ಬಾಯಿಬಿಟ್ಟು ಹೇಳಿದೆಯೇನಮ್ಮ?"

"ಇಲ್ಲ ಮಾವ."

ಬಿಟ್ಟುಕೊಡದ ಚೆಂಡನ್ನು ಎತ್ತಿದ್ದಕ್ಕೆ ಒಂದು ಹೊಡೆತದ ದಂಡ ವಿಧಿಸಿದೆ. ದಂಡ ಸೇರಿ ಅವಳಿಗೂ ಐದಾಯಿತು, ಚೆಂಡು ಇನ್ನೂ ಕುಳಿಗೆ ಬಿದ್ದಿರಲಿಲ್ಲ. ಪುಟ್ಟಕ್ಕ ಸೋತಳು; ಅವಳೊಡನೆ ಸಂಪಿಗೆಯೂ ಸೋತಿತು. ಸ್ಪಷ್ಟವಾದ ಪ್ರಶ್ನೆ, ಸ್ಪಷ್ಟವಾದ ಉತ್ತರ, ನಿಯಮಾನುಸಾರವಾದ ತೀರ್ಪು. ಹೇಳದ ಮಾತು ಮಾತಲ್ಲ.

ಅಲ್ಲಿಂದ ಇಳಿದು ಬರುವಾಗ ಮರಳುಗುಂಡಿಯ ಅಂಚು ಕಾಣದೆ ಬಿದ್ದೆ.

೧೩ ನವೆಂಬರ್, ಗುರುವಾರ

ಅತ್ತೆ ಸೊಸೆಯರ ನಡುವೆ ಮಾತು ನಿಂತಿದೆ. ಮಂಜಮ್ಮನಿಗೆ ತಂಗಿಯ ಮಗಳ ಅವಮಾನ. ವನಿತಾಳಿಗೆ ಏನೆಂಬುದು ನನಗೆ ತಿಳಿಯದು, ಗೆದ್ದವಳು ಅವಳು. ಹೇಳಬೇಕಾದದ್ದನ್ನೆಲ್ಲ ಇಬ್ಬರೂ ನನ್ನ ಮೂಲಕ ಹೇಳುತ್ತಾರೆ. ಸಾರಿಗೆ ಉಪ್ಪು ಬಿದ್ದಿದೆಯೇ ಎಂದು ಒಬ್ಬಳು ಒಲೆಯ ಮುಂದೆ ನಿಂತು ನನ್ನನ್ನು ಕೇಳುತ್ತಾಳೆ. ಬಿದ್ದಿದೆಯೆಂದು ಇನ್ನೊಬ್ಬಳು ಅದೇ ಒಲೆಯ ಪಕ್ಕದಿಂದ ನನಗೆ ತಿಳಿಸುತ್ತಾಳೆ. ನಡುವೆ ನಾನು ಉಪ್ಪಿನ ವರದಿಗಾರ. ಇದು ಯಾವ ಸೀಮೆಯ ಪದ್ಧತಿ, ನೇರವಾಗಿ ಮಾತನಾಡಬಾರದೇ ಎಂದೆ.

"ತೀರ್ಪುಗಾರರು ನೀವು ತಾನೇ? ನಡುಮಧ್ಯೆ ಇರಿ," ಎಂದಳು ಮಂಜಮ್ಮ.

ಮಗ ಯೋಗೀಶ ಬಸ್ ಕಂಡಕ್ಟರ್. ಚಿಕ್ಕನಾಯಕನಹಳ್ಳಿಯ ದಾರಿಯಲ್ಲಿ ಟಿಕೆಟ್ ಕೊಡುತ್ತಲೇ ಹುಳಿಯಾರಿನ ಕಡೆಯ ಹಟ್ಟಿಯ ಹುಡುಗಿ ವನಿತಾಳನ್ನು ಮೆಚ್ಚಿ ಮದುವೆಯಾದವನು. ಮನೆಯ ಹವೆಯನ್ನು ಎರಡು ದಿನ ನೋಡಿ, ರಾತ್ರಿ ಬೇರೆ ಊರಿನಲ್ಲೇ ಬಸ್ಸು ನಿಲ್ಲುವ ಪಾಳಿಗೆ ಬದಲಾಯಿಸಿಕೊಂಡಿದ್ದಾನೆ. ನನಗೆ ಆ ಸೌಲಭ್ಯವಿಲ್ಲ.

೧೬ ನವೆಂಬರ್, ಭಾನುವಾರ

ನಮ್ಮೂರಿನ ಹೆಂಗಸರು ಬಂದಿದ್ದರು. ಮುಂದೆ ಮರಿಯಮ್ಮ, ಪಂದ್ಯದ ಮೂವರಲ್ಲಿ ಒಬ್ಬಳು, ಅಂದು ಮೊದಲು ದನಿಯೆತ್ತಿದವಳೂ ಅವಳೇ. ವನಿತಾಳಿಗೆ ಹೊದಿಸಲು ಶಾಲು ತಂದಿದ್ದರು. ರೆಸಾರ್ಟಿನವರು ಗೆದ್ದ ಮೂವರಿಗೂ ಬಿಳಿಯ ಬೂಟು ಕೊಟ್ಟಿದ್ದಾರಂತೆ. ವನಿತಾ ಪೊಟ್ಟಣವನ್ನು ಬಿಚ್ಚಿಯೂ ಇಲ್ಲವೆಂದು ಆಕ್ಷೇಪಿಸಿದರು. ಮೂರು ಸಲ ಕರೆದ ಮೇಲೆ ಅವಳು ಹಿತ್ತಲಿನಿಂದ ಬಂದಳು. ಶಾಲು ಹೊದಿಸಿಕೊಂಡು ನಿಂತಳು. ಮೊನ್ನೆಮೊನ್ನೆಯವರೆಗೂ ಅವಳನ್ನು ಹಟ್ಟಿಯವಳು ಎನ್ನುತ್ತಿದ್ದ ಬಾಯಿಗಳೇ ನಮ್ಮೂರ ಹುಲಿ ಎಂದವು. ನನಗೂ ಹೊಗಳಿಕೆ ಬಂತು. ಮೇಷ್ಟ್ರು ನೆಂಟಸ್ತಿಕೆ ನೋಡದೆ ನ್ಯಾಯ ನೋಡಿದರೆಂದು ಮರಿಯಮ್ಮ ಹೇಳಿದಳು. ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಪಾತ್ರೆಯೊಂದು ಬಿತ್ತು. ಬಿದ್ದುದೋ ಬೀಳಿಸಿದ್ದೋ ನಿರ್ಧರಿಸಲಾರೆ.

ಅವರು ಹೋದ ಮೇಲೆ ವನಿತಾ ಶಾಲನ್ನು ಮಡಿಸಿ ನನ್ನ ಮಂಚದ ಕಾಲ್ದೆಸೆಯಲ್ಲಿ ಇಟ್ಟಳು. ಒಳಗೆ ಒಯ್ಯಲಿಲ್ಲ.

ಪುಟ್ಟಕ್ಕ ಅಂದಿನಿಂದ ಕೆಲಸಕ್ಕೆ ಬಂದಿಲ್ಲವಂತೆ. ಚೆಂಡುಗಳ್ಳಿ ಎಂದು ಯಾರೋ ಅಂದರಂತೆ. ತಿಂಗಳ ಕೊನೆಯವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರನ್ನು ತೆಗೆದುಕೊಳ್ಳುತ್ತೇನೆಂದು ಸಿದ್ಧಾರ್ಥ್ ಹೇಳಿ ಕಳುಹಿಸಿದ್ದಾರೆ. ತೀರ್ಪಿನಲ್ಲಿ ನಾನು ಅಂಥ ಪದವನ್ನು ಬಳಸಿಲ್ಲ. ಜನ ಸೇರಿಸಿಕೊಂಡ ವಿಶೇಷಣಕ್ಕೆ ನಾನು ಹೊಣೆಯಲ್ಲ.

೧೭ ನವೆಂಬರ್, ಸೋಮವಾರ

ಬೆನ್ನು ನೋವು. ಪ್ಲಾಸ್ಟರಿನೊಳಗೆ ತುರಿಕೆ, ಕೈ ಹೋಗುವುದಿಲ್ಲ.

೨೦ ನವೆಂಬರ್, ಗುರುವಾರ

ಬೆಳಿಗ್ಗೆ ಮಂಜಮ್ಮ ಏನೂ ಹೇಳದೆ ಫೋನನ್ನು ತಂದು ನನ್ನ ಕಿವಿಗೆ ಹಿಡಿದಳು. ಪುಟ್ಟಕ್ಕ.

"ದೊಡ್ಡಪ್ಪ, ನಾನು ಕಳ್ಳಿ ಅಲ್ಲ."

ನೀನು ಹಾಗೆಂದು ತೀರ್ಪಿನಲ್ಲಿ ಎಲ್ಲಿಯೂ ಇಲ್ಲವಮ್ಮ ಎಂದೆ. ನಿಯಮ ವ್ಯಕ್ತಿಯನ್ನು ನೋಡುವುದಿಲ್ಲ, ಕ್ರಿಯೆಯನ್ನು ನೋಡುತ್ತದೆ ಎಂದು ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಚಿಕ್ಕವಳಿದ್ದಾಗ ನಮ್ಮ ಮನೆಗೆ ಬಂದಾಗಲೂ ಹಾಗೆಯೇ, ಮಗ್ಗಿ ಒಪ್ಪಿಸಿದ ಮೇಲೇ ಊಟಕ್ಕೆ ಏಳುತ್ತಿದ್ದಳು.

"ಅದಲ್ಲ ದೊಡ್ಡಪ್ಪ. ಒಂದು ಗೇಣು ಚೆಂಡು ಹೊಡೆಯೋಕೆ ಬರ್ದೆ ಎತ್ಕೊಂಡೆ ಅಂತ ನೀವೂ ಅನ್ಕೊಂಡ್ರಾ? ಅಷ್ಟು ಹೇಳಿ ಸಾಕು."

ಆ ಪ್ರಶ್ನೆ ನಿಯಮದ ವ್ಯಾಪ್ತಿಗೆ ಬರುವುದಿಲ್ಲವೆಂದೆ. ಆ ಕಡೆಯಿಂದ ಫೋನು ಇಟ್ಟ ಸದ್ದಾಯಿತು. ಮಂಜಮ್ಮ ಇನ್ನೂ ಸ್ವಲ್ಪ ಹೊತ್ತು ಅದನ್ನು ನನ್ನ ಕಿವಿಗೆ ಹಿಡಿದುಕೊಂಡೇ ಇದ್ದಳು. ತೆಗೆಯೆಂದು ಹೇಳಲು ನನಗೇಕೋ ಆಗಲಿಲ್ಲ.

ಮಧ್ಯಾಹ್ನದ ಮಜ್ಜಿಗೆ ಕೈಗೆಟಕದ ಕಡೆ ಇಟ್ಟಿದ್ದಳು. ಮರೆತಿರಬೇಕು.

೨೩ ನವೆಂಬರ್, ಭಾನುವಾರ

ಇಂದು ತೋಟದ ಕಾಯಿ ಇಳಿಸಿದ್ದು. ತೋಟ ನೋಡಿಕೊಳ್ಳುವ ಚಿತ್ತಣ್ಣ ಕಾಯಿಯನ್ನು ಮನೆಯ ಅಂಗಳಕ್ಕೆ ತಂದು ಎರಡು ಗುಡ್ಡೆ ಹಾಕಿದ. ಒಂದು ನಮ್ಮ ಪಾಲು, ಒಂದು ಅವನದು. ನನ್ನನ್ನು ಕುರ್ಚಿಯ ಸಮೇತ ಜಗಲಿಗೆ ಹೊತ್ತು ತಂದಿದ್ದರು. ಎರಡು ವಾರಗಳ ಮೇಲೆ ಬಿಸಿಲು ಕಂಡೆ.

ಗುಡ್ಡೆ ನೋಡಿದೆ. ಸರಿಯಾಗಿತ್ತು. ಚಿತ್ತಣ್ಣ ಚೀಲ ಹಿಡಿದು ನಿಂತೇ ಇದ್ದ. ಯಾಕಪ್ಪ ನಿಂತೆ ಎಂದೆ.

"ನೀವು ತಿರುಗ್ಲಿಲ್ವಲ್ಲ ಮೇಷ್ಟ್ರೇ."

ನಮ್ಮ ಮನೆಯಲ್ಲಿ ತಂದೆಯವರ ಕಾಲದಿಂದಲೂ, ಸುತ್ತಲಿನ ತೋಟಗಳಲ್ಲೂ, ಪಾಲು ಮಾಡುವಾಗ ಸಾಕು ಎಂದಾಗಲಿ ಆಯಿತು ಎಂದಾಗಲಿ ಬಾಯಲ್ಲಿ ಹೇಳುವುದಿಲ್ಲ. ಹೇಳಿದರೆ ಮರ ಕೇಳಿಸಿಕೊಂಡು ಮುಂದಿನ ಸಲ ಅಷ್ಟಕ್ಕೇ ನಿಲ್ಲಿಸುತ್ತದೆಂದು ನಂಬಿಕೆ. ಒಪ್ಪಿದವರು ಗುಡ್ಡೆಗೆ ಬೆನ್ನು ತಿರುಗಿಸಿ ನಾಲ್ಕು ಹೆಜ್ಜೆ ನಡೆಯುತ್ತಾರೆ, ಇನ್ನೊಬ್ಬರು ತುಂಬಿಕೊಳ್ಳುತ್ತಾರೆ. ನಾನೂ ಹಾಗೆಯೇ ಮಾಡುತ್ತ ಬಂದಿದ್ದೇನೆ. ಇವತ್ತು ಹೇಗೆ ನಡೆಯಲಿ? ಒಪ್ಪಿದ್ದೇನೆ, ತೆಗೆದುಕೋ ಎಂದೆ.

"ಅಯ್ಯೋ, ಬಾಯಲ್ಲಿ ಅನ್ಬೇಡಿ ಬುಡಿ," ಎಂದು ಚಿತ್ತಣ್ಣ ನಿಜವಾಗಿಯೂ ಹೆದರಿ ಮರಗಳ ಕಡೆ ನೋಡಿದ.

ಅಂಗಳ ಗುಡಿಸುತ್ತಿದ್ದ ವನಿತಾಳ ಪೊರಕೆ ನಿಂತಿತು. ಮಂಜಮ್ಮ ಒಳಗಿನಿಂದ ಬಂದಳು. ಇಬ್ಬರೂ ಮಾತಿಲ್ಲದೆ, ಒಬ್ಬರ ಮುಖ ಒಬ್ಬರು ನೋಡದೆ, ಕುರ್ಚಿಯ ಒಂದೊಂದು ಕಡೆ ಹಿಡಿದು ನನ್ನನ್ನು ಗೋಡೆಯ ಕಡೆ ತಿರುಗಿಸಿದರು. ಹಿಂದೆ ಚೀಲಕ್ಕೆ ಕಾಯಿ ಬೀಳುವ ಸದ್ದು ತಕ್ಷಣ ಶುರುವಾಯಿತು. ಶಿಕ್ಷೆಗೆ ನಿಲ್ಲಿಸಿದ ವಿದ್ಯಾರ್ಥಿಯಂತೆ ಗೋಡೆ ನೋಡುತ್ತ ಕುಳಿತೆ. ಚಿತ್ತಣ್ಣ ಹೋದ ಮೇಲೂ ನನ್ನನ್ನು ಮತ್ತೆ ಇತ್ತ ತಿರುಗಿಸುವುದು ಯಾರಿಗೂ ನೆನಪಾಗಲಿಲ್ಲ. ನಾನೂ ಕರೆಯಲಿಲ್ಲ. ಗೋಡೆಗೆ ಸುಣ್ಣ ಬಳಿಸಬೇಕು.

೨೪ ನವೆಂಬರ್, ಸೋಮವಾರ

ಎದುರಾಳಿಯ ಹೊಡೆತವನ್ನು ಮಾತಿನಿಂದಾಗಲಿ, ಉದ್ದೇಶ ಸ್ಪಷ್ಟವಾಗಿ ತೋರುವ ನಡೆಯಿಂದಾಗಲಿ ಬಿಟ್ಟುಕೊಡಬಹುದು. ಒಮ್ಮೆ ಬಿಟ್ಟುಕೊಟ್ಟರೆ ಹಿಂತೆಗೆದುಕೊಳ್ಳುವಂತಿಲ್ಲ. ಇದು ನನ್ನದೇ ಅನುವಾದ. ಪಂದ್ಯಕ್ಕೆ ಮೊದಲು ಹೆಂಗಸರಿಗೆಲ್ಲ ಗಟ್ಟಿಯಾಗಿ ಓದಿ ಹೇಳಿದ್ದೆ ಕೂಡ. ಅನುವಾದ ಚೆನ್ನಾಗಿಯೇ ಇದೆ.

ಊಟ ಸೇರಲಿಲ್ಲ.

೨೫ ನವೆಂಬರ್, ಮಂಗಳವಾರ

ಮಂಜಮ್ಮ ಹಾಲು ಹಾಕಲು ಡೈರಿಗೆ ಹೋಗಿದ್ದಳು. ವನಿತಾ ಕೆಲಸದಿಂದ ಬಂದು, ಒಣಗಿದ ಬಟ್ಟೆಗಳನ್ನು ನನ್ನ ಮಂಚದ ತುದಿಯಲ್ಲಿ ಗುಡ್ಡೆ ಹಾಕಿಕೊಂಡು ಮಡಿಸುತ್ತಿದ್ದಳು. ಅಂದು ಚೆಂಡಿಗೆ ಬೆನ್ನು ತಿರುಗಿಸಿ ನಡೆದೆಯಲ್ಲ, ಅದು ಏತಕ್ಕಮ್ಮ ಎಂದು ಕೇಳಿದೆ. ನನ್ನ ಅಂಗಿಯ ತೋಳನ್ನು ಎರಡು ಸಲ ಬಿಚ್ಚಿ ಮತ್ತೆ ಮಡಿಸಿದಳು.

"ಇನ್ನೇತಕ್ಕೆ ಮಾವ. ಬಿಟ್ಟೆ ಅಂತ್ಲೇ. ಗೇಣುದ್ದ ಚೆಂಡನ್ನ ಪುಟ್ಟಕ್ಕನ ಕೈಲಿ ಹೊಡೆಸ್ತಾರಾ ಯಾರಾದ್ರೂ?"

"ಮತ್ತೆ ಅಂದೇ ಏಕೆ ಹೇಳಲಿಲ್ಲ?"

"ಬಾಯಿಬಿಟ್ಟು ಹೇಳಿದ್ಯಾ ಅಂತ ಕೇಳಿದ್ರಿ. ಹೇಳಿರ್ಲಿಲ್ಲ. ಇಲ್ಲ ಅಂದೆ."

ಅವಳೇ ಮುಂದುವರಿಸಿದಳು, ಬಟ್ಟೆಯ ಮೇಲಿಂದ ಕಣ್ಣು ತೆಗೆಯದೆ.

"ಬೇಕಂತ ಮುಚ್ಚಿಟ್ಟೆ ಅಂತಲೇ ಅನ್ಕೊಳ್ಳಿ. ಆದ್ರೆ ನೀವು ತೀರ್ಪು ಹೇಳಿದ್ದೇ ತಡ ಎಲ್ರೂ ನನ್ನ ಎತ್ಕೊಂಡು ಕುಣಿದ್ರಲ್ಲ ಮಾವ. ಮರಿಯಮ್ಮಕ್ಕ ನಮ್ಮೂರೋಳು ಕಣ್ರೇ ಇವಳು ಅಂದ್ಲು. ಹದ್ನಾಲ್ಕು ವರ್ಷದಲ್ಲಿ ಅದೇ ಮೊದ್ಲು. ಇನ್ನೊಂದ್ ಗಳಿಗೆ ಕೇಳಿಸ್ಕೊಂಡು ಆಮೇಲೆ ಹೇಳಾಣ ಅಂದ್ಕೊಂಡೆ. ಅಷ್ಟರಲ್ಲಿ ನೀವು ಬಿದ್ರಿ."

ಬೀದಿಬಾಗಿಲಲ್ಲಿ ಮಂಜಮ್ಮನ ಚಪ್ಪಲಿಯ ಸದ್ದಾಯಿತು. ವನಿತಾ ಬಟ್ಟೆಯನ್ನೆಲ್ಲ ಬಾಚಿಕೊಂಡು ಒಳಗೆ ಹೋದಳು. ಈಗಲಾದರೂ ಹೇಳುತ್ತೀಯೇನಮ್ಮ ಎಂದು ನಾನು ಕೇಳಬಹುದಿತ್ತು. ಹೇಳಿದರೆ ಊರಿನವರು ಅವಳನ್ನು ಏನೆನ್ನುತ್ತಾರೆಂಬುದು ನನಗೂ ಗೊತ್ತು, ಅವಳಿಗೂ ಗೊತ್ತು. ಹೇಳದಿದ್ದರೆ ಪುಟ್ಟಕ್ಕ ಕೆಲಸ ಕಳೆದುಕೊಂಡು, ಆ ಹೆಸರು ಹೊತ್ತುಕೊಂಡು ಸಂಪಿಗೆಯಲ್ಲಿ ಕೂರಬೇಕು. ಎದ್ದು ನಾಲ್ಕು ಹೆಜ್ಜೆ ನಡೆದರೆ ಏನಾದರೂ ಹೊಳೆಯುತ್ತಿತ್ತು. ಮಂಚದಿಂದ ಕಾಣುವುದು ಒಂದು ತೊಲೆ, ಅದರಲ್ಲಿ ಏಳು ಗಂಟು.

೨೬ ನವೆಂಬರ್, ಬುಧವಾರ

ಸಿದ್ಧಾರ್ಥ್ ಅವರಿಗೆ ಫೋನು ಮಾಡಿದೆ. ತೀರ್ಪನ್ನು ಮರುಪರಿಶೀಲಿಸಬೇಕಾಗಿದೆ, ನಿಯಮದ ಪ್ರಕಾರ ಸಮಿತಿಯ ಅಭಿಪ್ರಾಯವೇನು ಎಂದು ವಿಚಾರಿಸಿದೆ. ಯಾವ ಸಮಿತಿ ಸಾರ್ ಎಂದರು. ಐದನೆಯ ತಾರೀಕಿನೊಳಗೆ ಯಾವ ಮೂವರ ಹೆಸರು ಕೊಟ್ಟರೂ ಆಯಿತಂತೆ. ನಿಮ್ಮನಿಮ್ಮಲ್ಲೇ ಮಾತಾಡಿಕೊಳ್ಳಿ, ಅದೊಂದು ಖುಷಿಗೆ ಇಟ್ಟ ಆಟ ಎಂದರು. ಖುಷಿಗೆ.

೨೮ ನವೆಂಬರ್, ಶುಕ್ರವಾರ

ಸಂಜೆ ಹೆಂಗಸರನ್ನು ಮನೆಗೆ ಕರೆಸಿದೆ. ನಾನು ಹೋಗುವಂತಿಲ್ಲವಾದ್ದರಿಂದ ಅವರೇ ಬಂದು ಮಂಚದ ಸುತ್ತ ಕುಳಿತರು. ಕಾಯಿಲೆಯವನನ್ನು ನೋಡಲು ಬಂದವರಂತೆ ಕಾಣುತ್ತಿತ್ತು.

ತೀರ್ಪು ತಪ್ಪಾಗಿತ್ತೆಂದು ಹೇಳಿದೆ. ನಡೆಯಿಂದಲೂ ಬಿಟ್ಟುಕೊಡಬಹುದೆಂದು ನಿಯಮವಿದೆ. ವನಿತಾ ಬೆನ್ನು ತಿರುಗಿಸಿ ನಡೆದದ್ದನ್ನು ನಾನು ಕಣ್ಣಾರೆ ಕಂಡಿದ್ದೆ, ಆದರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಪುಟ್ಟಕ್ಕ ಎತ್ತಿದ್ದು ಸರಿ. ಆಟ ಸಮವಾಗಿತ್ತು, ಇನ್ನೊಂದು ಕುಳಿ ಬಾಕಿಯಿದೆ ಎಂದೆ.

"ಮೂರು ವಾರ ಆದ್ಮೇಲೆ ನೆಪ್ಪಾಯ್ತಾ ಮೇಷ್ಟ್ರೇ?" ಎಂದಳು ಮರಿಯಮ್ಮ. "ಸಂಪಿಗೆ ಅಮ್ಮೋರು ಅನ್ನ ಇಕ್ಕೋದು ನಿಲ್ಸಿರ್ಬೇಕು ಕಣ್ರೇ. ಮಾತು ಮಗುಚ್ಕೊಂಡ್ರು."

ಎಲ್ಲರೂ ನಕ್ಕರು. ಹೌದಮ್ಮ, ಮೂರು ವಾರ ಬೇಕಾಯಿತು ಎಂದೆ.

"ನಮ್ಗೆ ನಿಮ್ ಬುಕ್ಕು ಬ್ಯಾಡ. ವನಿತಾ ಇದ್ದಾಳಲ್ಲ, ಅವಳೇ ಹೇಳ್ಲಿ. ಬಿಟ್ಟಿದ್ಯೇನೇ ನೀನು?"

ವನಿತಾ ಕಾಫಿಯ ತಟ್ಟೆ ಹಿಡಿದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು.

"ಅವಳನ್ನು ಕೇಳುವ ಅಗತ್ಯವಿಲ್ಲ," ಎಂದೆ. "ತೀರ್ಪು ನನ್ನದು. ತಪ್ಪೂ ನನ್ನದೇ."

ಅವರು ಎದ್ದರು. ಯಾರೂ ಕಾಫಿ ಮುಟ್ಟಲಿಲ್ಲ. ಇಷ್ಟು ವರ್ಷ ಮೇಷ್ಟ್ರ ಮಾತು ಕಲ್ಲಿನ ಮೇಲೆ ಕೆತ್ತಿದ ಹಾಗೆ ಅಂತಿದ್ವಿ, ಸೀಮೆಸುಣ್ಣದಲ್ಲಿ ಬರೆದದ್ದು ಅಂತ ಇವತ್ತು ಗೊತ್ತಾಯ್ತು ಎಂದು ಯಾರೋ ಜಗಲಿಯಿಳಿಯುತ್ತ ಹೇಳಿದ್ದು ಕೇಳಿಸಿತು. ಉಪಮೆ ಚೆನ್ನಾಗಿತ್ತು.

ತಣ್ಣಗಾದ ಕಾಫಿಯನ್ನು ಮಂಜಮ್ಮ ಬಿಸಿಮಾಡಿ ತಂದು, ಒಂದು ಲೋಟ ನನಗೆ ಕೊಟ್ಟು, ಒಂದನ್ನು ಒಲೆಯ ಪಕ್ಕ ಇಟ್ಟಳು. ವನಿತಾ ಅದನ್ನು ತೆಗೆದುಕೊಂಡಳು.

೨೯ ನವೆಂಬರ್, ಶನಿವಾರ

ಚಿತ್ತಣ್ಣ ಬಂದು ಹೇಳಿದ ಸುದ್ದಿ. ಬೆಳಿಗ್ಗೆ ಬೀದಿಯ ನೀರಿನ ನಲ್ಲಿಯ ಹತ್ತಿರ ಹೆಂಗಸರು ನನ್ನನ್ನು ಆಡಿಕೊಳ್ಳುತ್ತಿದ್ದರಂತೆ. ವನಿತಾ ಬಿಂದಿಗೆ ಕೆಳಗಿಟ್ಟು, ಮಾವನ್ನ ಅನ್ಬೇಡಿ, ಚೆಂಡು ಬಿಟ್ಟಿದ್ದು ನಾನೇ, ಬಿಟ್ಟೂ ಸುಮ್ಮನಿದ್ದೆ ಎಂದಳಂತೆ. ಮರಿಯಮ್ಮ ತನ್ನ ಬಿಂದಿಗೆಯನ್ನು ಅಲ್ಲೇ ಬಗ್ಗಿಸಿ ನೀರು ಚೆಲ್ಲಿ, ಹಟ್ಟಿಯೋಳು ಹಟ್ಟಿಯೋಳೇ ಅಂದಳಂತೆ. ಸರದಿಯಲ್ಲಿದ್ದ ಉಳಿದವರೂ ಪಕ್ಕಕ್ಕೆ ಸರಿದು ನಿಂತರಂತೆ.

ಅವಳು ಮನೆಗೆ ಬಂದಾಗ ಬಿಂದಿಗೆ ತುಂಬಿತ್ತು. ಇಷ್ಟೇ ನಾನು ಕಂಡದ್ದು. ಏನೂ ಕೇಳಲಿಲ್ಲ. ಕಾಲ್ದೆಸೆಯಲ್ಲಿದ್ದ ಶಾಲನ್ನು ಅವಳು ಒಯ್ದಳು. ಮರಿಯಮ್ಮನ ಜಗಲಿಯ ಮೇಲೆ ಇಟ್ಟು ಬಂದಳೆಂದು ಮಂಜಮ್ಮ ಹೇಳಿದಳು.

೩೦ ನವೆಂಬರ್, ಭಾನುವಾರ

ಬೆಳಿಗ್ಗೆ ಯೋಗೀಶನ ಸ್ಕೂಟಿ ಶುರುವಾದ ಸದ್ದು. ತಲೆಯೆತ್ತಿ ನೋಡುವಷ್ಟರಲ್ಲಿ ವನಿತಾ ಮುಂದೆ, ಮಂಜಮ್ಮ ಹಿಂದೆ. ಸ್ಕೂಟಿಯೆಂದರೆ ಹೆದರಿ ತಿಪಟೂರಿಗೂ ಬಸ್ಸಿನಲ್ಲೇ ಹೋಗುವವಳು ಇವಳು. ಸೊಸೆಯ ಸೊಂಟವನ್ನು ಎರಡೂ ಕೈಗಳಿಂದ ಅಪ್ಪಿಹಿಡಿದಿದ್ದಳು. ಎಲ್ಲಿಗೆ ಎಂದು ಕೂಗಿದೆ. ಸಂಪಿಗೆಗೆ ಎಂದು ಕೇಳಿಸಿತು. ಅಷ್ಟು ದೂರ, ಹೆದ್ದಾರಿಯಲ್ಲಿ.

ಹಾಸಿಗೆಯ ಪಕ್ಕದಲ್ಲಿ ಎರಡು ರೊಟ್ಟಿ, ಚಟ್ನಿಪುಡಿ, ಮಜ್ಜಿಗೆ. ಎಲ್ಲವೂ ಕೈಗೆಟಕುವ ಹಾಗೆ. ಇಡೀ ದಿನ ಮನೆಯಲ್ಲಿ ನಾನೊಬ್ಬನೇ. ಯಾರೂ ನನ್ನನ್ನು ಬಳಸಿಕೊಂಡು ಹೋಗಲಿಲ್ಲ, ಯಾರೂ ಉಪ್ಪಿನ ವಿಷಯ ಕೇಳಲಿಲ್ಲ. ಮಧ್ಯಾಹ್ನ ಬೆಕ್ಕು ಬಂದು ಪ್ಲಾಸ್ಟರಿನ ಮೇಲೆ ಮಲಗಿತು. ಅದನ್ನು ಓಡಿಸಲು ಕಾಲಾಡಿಸುವಂತಿರಲಿಲ್ಲ. ಆಮೇಲೆ ಓಡಿಸಬೇಕೆಂದು ಅನ್ನಿಸಲೂ ಇಲ್ಲ.

ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ಬಂದರು. ಮಂಜಮ್ಮನ ಸೀರೆಯ ಅಂಚಿಗೆ ಹುಲ್ಲಿನ ತುಣುಕುಗಳು ಅಂಟಿದ್ದವು, ಕತ್ತರಿಸಿದ ಹಸಿ ಹುಲ್ಲು. ಸಂಪಿಗೆಯಿಂದ ಪುಟ್ಟಕ್ಕನನ್ನು ಕರೆದುಕೊಂಡು ಮೈದಾನಕ್ಕೆ ಹೋಗಿದ್ದರೆಂದು, ಬಾಕಿಯಿದ್ದ ಕುಳಿಯನ್ನು ಆಡಿದ್ದರೆಂದು ಅಷ್ಟರಿಂದಲೇ ತಿಳಿಯಿತು. ತೀರ್ಪುಗಾರನಿಲ್ಲದೆ. ಅಡುಗೆಮನೆಯಲ್ಲಿ ಇಬ್ಬರೂ ಮಾತನಾಡುತ್ತಿದ್ದರು; ನೇರವಾಗಿ, ಒಟ್ಟೊಟ್ಟಿಗೆ, ವಾಕ್ಯಗಳನ್ನು ಅರ್ಧಕ್ಕೇ ಬಿಟ್ಟು. ಮಂಜಮ್ಮ ಯಾವುದಕ್ಕೋ ಕೆಮ್ಮು ಬರುವಷ್ಟು ನಕ್ಕಳು.

ಯಾರು ಗೆದ್ದರೆಂದು ನನಗೆ ಯಾರೂ ಹೇಳಲಿಲ್ಲ. ತಟ್ಟೆ ತಂದಿಟ್ಟ ವನಿತಾ ಸ್ವಲ್ಪ ಹೊತ್ತು ನಿಂತಳು, ಕೇಳಲೆಂದೋ ಏನೋ. ಸಾರು ಚೆನ್ನಾಗಿದೆಯಮ್ಮ ಎಂದೆ.

೩ ಡಿಸೆಂಬರ್, ಬುಧವಾರ

ಪುಟ್ಟಕ್ಕ ಸೋಮವಾರದಿಂದ ಕೆಲಸಕ್ಕೆ ಬರುತ್ತಿದ್ದಾಳೆ. ನಮ್ಮೂರಿನ ಹೆಂಗಸರು ವನಿತಾಳೊಡನೆ ಮಾತು ಬಿಟ್ಟಿದ್ದಾರೆ. ಕೆಲಸದ ವ್ಯಾನಿನಲ್ಲಿ ಅವಳಿಗೆ ಜಾಗ ಕೊಡುವುದಿಲ್ಲವಂತೆ. ಖಾಲಿ ಸೀಟಿನ ಮೇಲೆ ಮರಿಯಮ್ಮ ಬುತ್ತಿಯ ಚೀಲ ಇಟ್ಟುಕೊಳ್ಳುತ್ತಾಳಂತೆ. ವನಿತಾ ನಿಂತೇ ಹೋಗಿ ಬರುತ್ತಾಳೆ. ಇದನ್ನು ಹೇಳಿದವಳು ಮಂಜಮ್ಮ. ಏನಾದರೂ ಮಾಡಿ ಎಂದಳು. ಏನು ಮಾಡಲಿ? ನಾನು ಈಗ ಯಾರಿಗೂ ತೀರ್ಪುಗಾರನಲ್ಲ.

ವನಿತಾಳನ್ನು ವಿಚಾರಿಸಿದರೆ, "ಹದ್ನಾಲ್ಕು ವರ್ಷ ಇದ್ದೆ, ಇನ್ನೂ ಇರ್ತೀನಿ ಬುಡಿ ಮಾವ," ಎಂದಳು.

ಪ್ಲಾಸ್ಟರ್ ತೆಗೆಯಲು ಇನ್ನೂ ಎರಡೂವರೆ ವಾರ.

೬ ಡಿಸೆಂಬರ್, ಶನಿವಾರ

ಬೆಳಿಗ್ಗೆ ಆರಕ್ಕೆ ಮೈಸೂರಿನ ವ್ಯಾನು ನಮ್ಮ ಮನೆಯ ಮುಂದೆ ನಿಂತಿತು. ಒಳಗೆ ಸಂಪಿಗೆಯ ಮೂವರು. ಪುಟ್ಟಕ್ಕ ಇಳಿದು ಬಂದು ನನ್ನ ಮಂಚದ ಮೇಲೆ ಕುಳಿತಳು. ವನಿತಾ ತನ್ನ ಬೂಟಿನ ಪೊಟ್ಟಣ ತಂದು ಬಿಚ್ಚಿ, ನೆಲದ ಮೇಲೆ ಕುಳಿತು ಅವಳ ಕಾಲಿಗೆ ತೊಡಿಸಿದಳು.

"ದೊಡ್ಡಪ್ಪ, ನಾವು ಆಡಿದ್ದನ್ನ ನೀವು ಕೇಳೋದೇ ಇಲ್ವಾ?" ಎಂದಳು ಪುಟ್ಟಕ್ಕ.

"ಬೂಟು ಸರಿಹೋಯಿತೇನಮ್ಮ?"

"ಒಂಚೂರು ದೊಡ್ಡದು. ಮುಂದಕ್ಕೆ ಬಟ್ಟೆ ತುರುಕ್ಕೋತೀನಿ."

ಅಂದು ನೀನು ಫೋನಿನಲ್ಲಿ ಕೇಳಿದ್ದಕ್ಕೆ ಉತ್ತರ ಹೇಳಿರಲಿಲ್ಲ ಎಂದೆ. ಹಾಗೆ ಅಂದುಕೊಂಡಿರಲಿಲ್ಲವಮ್ಮ, ಯಾವತ್ತೂ ಅಂದುಕೊಂಡಿರಲಿಲ್ಲ ಎಂದೆ. ಅವಳು ಪ್ಲಾಸ್ಟರಿನ ಮೇಲೆ ಕೈಯಿಟ್ಟು ಎದ್ದಳು. ಮಂಜಮ್ಮ ಬುತ್ತಿ ಕಟ್ಟಿಕೊಟ್ಟಳು. ವ್ಯಾನು ಹೋಯಿತು.

ಏಳೂವರೆಗೆ ಎಂದಿನ ಕೆಲಸದ ವ್ಯಾನು ಬಂತು. ನನ್ನ ಮಂಚದಿಂದ ಅದರ ಕಿಟಕಿಯ ಸಾಲು ಕಾಣುತ್ತದೆ. ವನಿತಾ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಹತ್ತಿದಳು. ಎಲ್ಲರೂ ತಮ್ಮತಮ್ಮ ಮಾತು ನಿಲ್ಲಿಸಿದರು. ಅವಳು ಕಂಬಿ ಹಿಡಿದು ನಿಂತಳು. ಮರಿಯಮ್ಮ ಕಿಟಕಿಯ ಹೊರಗೆ, ನಮ್ಮ ಮನೆಯ ಕಡೆಗೇ ನೋಡುತ್ತ ಕುಳಿತಿದ್ದಳು. ನನ್ನನ್ನು ಕಂಡಳೋ ಇಲ್ಲವೋ. ಮುಖವನ್ನು ಹಾಗೆಯೇ ಹೊರಗಿಟ್ಟುಕೊಂಡು, ಪಕ್ಕದ ಸೀಟಿನ ಮೇಲಿದ್ದ ಬುತ್ತಿಯ ಚೀಲವನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು.

ವನಿತಾ ಒಂದು ಗಳಿಗೆ ಆ ಸೀಟನ್ನು ನೋಡಿದಳು. ಆಮೇಲೆ ಕುಳಿತಳು. ವ್ಯಾನು ಹೊರಟಿತು.